ಅಶ್ವತ್ಥಪ್ಪನ ಹುಳಕ್ಕೆ ಸೊಪ್ಪು

ಮುಳಬಾಗಿಲಿನಿಂದ ಬೈರಕೂರಿಗೆ ಹೊರಟ ಬಸ್ಸಿನಲ್ಲಿ ಚಂದನ ಕಿಟಕಿಗೆ ಮುಖಮಾಡಿ ಕೂತಿದ್ದಳು. ಮುಂದಿನ ಸೀಟಿನ ತಾಯಿ ಮಗನ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ನಮ್ಮ ಹಿಪ್ಪುನೇರಳೆ ಸೊಪ್ಪು ಆ ಅಶ್ವತ್ಥಪ್ಪನ ರೇಷ್ಮೆ ಹುಳಕ್ಕಾ? ನಮ್ಮ ಪ್ರಾರ್ಥನೆ ಮನೆಗೆ ಬೀಗ ಜಡಿಸ್ದೋನು ಅವನೇ ಅಲ್ವೇನಮ್ಮಾ?”

“ಅವನೇ. ಮೆಲ್ಲಗೆ ಮಾತಾಡೋ, ಪ್ರಭುದಾಸ.”

“ಪಕ್ಕದೋರು ಟೊಮೇಟೊಗೆ ಹೊಡೆದ ಔಷಧಿ ಗಾಳಿಗೆ ಬಂದು ಅವನ ಸೊಪ್ಪಿನ ಮೇಲೇ ಬಿತ್ತು. ಅದನ್ನ ಹಾಕಿದ್ರೆ ಹುಳ ಸಾಯ್ತಾವೆ. ದೇವರೇ ತೋರಿಸ್ದ ಅನ್ಕೋ.”

“ಹುಳ ಉಪವಾಸ ಕೆಡವಿ ಸೇಡು ತೀರಿಸ್ಕೊಳ್ಳೋನು ಯೇಸು ಅಲ್ಲ ಕಣೋ. ಇನ್ನೆರಡು ದಿನಕ್ಕೆ ಗೂಡು ಕಟ್ಟೋ ಹುಳ, ತಲೆ ಎತ್ಕೊಂಡು ಸೊಪ್ಪು ಹುಡುಕ್ತಾ ಇರ್ತಾವೆ.”

“ಹುಳದ ಮನೆ ಒಳಗೆ ಬಿಡ್ತಾನಾ ನಿನ್ನ? ಮೈಲಿಗೆ ಅಂತಾನೆ.”

“ಬಾಗಿಲಲ್ಲೇ ಇಟ್ಟು ಬರ್ತೀನಿ.”

“ತಿಪ್ಪೆಗೆ ಬಿಸಾಕಿದ್ರೆ?”

“ಅತ್ಕೊಂಡು ಬರ್ತೀನಿ.”

“ನಿಂಗೆ ರೋಷಾನೇ ಇಲ್ವಾ?”

“ಹೊಟ್ಟೆ ತುಂಬ ಇದೆ. ಬೆಳಿಗ್ಗೆ ಅವನಿಗೋಸ್ಕರ ಪ್ರಾರ್ಥನೆಗೆ ಕೂತ್ರೆ ಅವನ ಹೆಸರು ಬಾಯಿಗೇ ಬರ್ಲಿಲ್ಲ. ಅದಕ್ಕೇ ಮನಸ್ಸು ತಿರುಗೋ ಮುಂಚೆ ಕೊಟ್ಟುಬಿಡ್ಬೇಕು.”

ಅವರ ಊರಿನ ಗೇಟಿನ ಸ್ಟಾಪು ಬಂತು. ಕಂಡಕ್ಟರ್ ಸೀಟಿ ಊದಿದ. ಮಗ ಕಾಲು ಅಡ್ಡ ಇಟ್ಟುಕೊಂಡು ಕೂತೇ ಇದ್ದ. ಚಂದನ ಕಿಟಕಿ ಬಿಟ್ಟು ಅವರತ್ತ ತಿರುಗಿದಳು.

“ದಾರಿ ಬಿಡೋ.”

ಅವನು ಕೊನೆಗೂ ಎದ್ದ. “ಅವನ ಬಾಗಿಲಿಗೆ ಮಾತ್ರ ನಾನು ಬರಲ್ಲ.”

“ಬರಬೇಡ. ಸೊಪ್ಪು ಕುಯ್ದು ಹೊರೆ ನನ್ನ ತಲೆಗೆ ಎತ್ತಿಡು, ಸಾಕು.”

ಇಬ್ಬರೂ ಇಳಿದರು. ಬಸ್ಸು ಹೊರಡುವಾಗ ಚಂದನ ಹಿಂತಿರುಗಿ ನೋಡಿದಳು. ತೋಟದ ದಾರಿಯಲ್ಲಿ ಮಗನೇ ಮುಂದಾಗಿ ನಡೆಯುತ್ತಿದ್ದ.