ದುರಗೇಶನ ಹಳದಿ ಹೆಲ್ಮೆಟ್ಟು

ಸುಳ್ಳಂದ್ರ ನನ್ನ ನಾಲಿಗಿ ಸೇದಿ ಹೋಗ್ಲಿ. ಬನಹಟ್ಟಿಯ ನಮ್ಮ ಸೋದರಮಾವನ ಮಗ ಹಾಲೇಶಗ ಆದದ್ದಿದು. ಆ ರಾತ್ರಿ ಅಂವಾ ಹೊಸ ಹೈವೇ ಮ್ಯಾಲ ಒಬ್ಬನ ನಡಕೋತ ಬರಾಕತ್ತಿದ್ದ. ಗಾಡಿ ಪಂಕ್ಚರ್ ಆಗಿ ರೋಡ್ ಕೆಲಸದ ಕ್ಯಾಂಪಿನ್ಯಾಗ ಬಿಟ್ಟಿದ್ದ. ಕೊಳ್ಳಾಗ ಕ್ಯಾಮೆರಾ. ಡಾಂಬರ ಇನ್ನೂ ಬಿದ್ದಿದ್ದಿಲ್ಲ, ಬರೇ ಗರಸು... ಕಾಲಾಗ ಕರ್ ಕರ್ ಅಂತಿತ್ತು. ಹಳೇ ಬಾವಿ ಮುಚ್ಚಿದ ಜಾಗಾ ಬಂದ ಕೂಡ್ಲೇ ಬಿರಬಿರನ ಹೆಜ್ಜಿ ಹಾಕಿದ.

ಹಿಂದಿನಿಂದ ಸೀಟಿ. ಫುರ್ರ್... ಫುರ್ರ್...

"ಬರ್ಲಿ... ಬರ್ಲಿ..."

ಟಿಪ್ಪರ್ ರಿವರ್ಸ್ ತಗೊಳ್ಳುವಾಗ ಹಿಂದ ನಿಂತಾಂವ ಹಿಂಗ ಕೂಗ್ತಾನ. ಸಾಕಾತಂದ್ರ "ಹೋಲ್ಡಾನ್" ಅಂತಾನ. ಅಲ್ಲೀತನಕ ಡ್ರೈವರ್ ಹಿಂದ ಬರಕೋತ ಇರೂದ. ಆ ದನಿ ಹಾಲೇಶಗ ಗುರ್ತಿತ್ತು.

ಚಿಮ್ಮಡದ ದುರಗೇಶಂದು ಅದು. ಒಂದೂವರೆ ತಿಂಗಳ ಹಿಂದ ಇದ ಬಾವಿ ತುಂಬುವಾಗ ದಂಡಿಮ್ಯಾಲ ನಿಂತು ಟಿಪ್ಪರ್ ಕರಿಯಾಕತ್ತಿದ್ದ. ದಂಡಿ ಕುಸೀತು. ಅಂವಾ ಕೆಳಗ, ಅವನ ಮ್ಯಾಲ ಇಡೀ ಟಿಪ್ಪರ್ ಗರಸು. ಮ್ಯಾಲ ಉಳದದ್ದು ಅವನ ಹಳದಿ ಹೆಲ್ಮೆಟ್ಟೊಂದ. ಹೇಣ್ತಿ ನೇತ್ರಾ ಅದರ ಮುಂದ ಉಗುರಿನ ಬಣ್ಣದಾಗ ಅವನ ಹೆಸರು ಬರದಿದ್ಲು.

ಹಾಲೇಶನ ಕೆಲಸ ಏನಂದ್ರ, ದಿನಾ ಮಷೀನು, ಆಳು, ಎಲ್ಲಾದರ ಫೋಟೊ ತಗದು ಮ್ಯಾಲಿನ ಆಫೀಸಿಗೆ ಕಳಸೂದು. ದುರಗೇಶ ಬೀಳೂ ಫೋಟೊನೂ ಅವನ ಕ್ಯಾಮೆರಾದಾಗ ಸಿಕ್ಕಿತ್ತು. ಸೈಟಿನ ಸಾಹೇಬ ಅಳಸು ಅಂದ, ಅಳಿಸಿದ. ದುರಗೇಶ ಕೆಲಸಾ ಬಿಟ್ಟು ಓಡಿಹೋದ ಅಂತ ಸುದ್ದಿ ಹಬ್ಬಿಸಿದ್ರು. ಆದ್ರ ಬಾವಿ ತುಂಬೂ ಫೋಟೊ ಒಂದು ಕಳಸಬೇಕಲ್ಲ? ಆ ಜಾಗಾದಾಗ ನಿಂದ್ರಾಕ ಒಬ್ಬ ಆಳೂ ಒಪ್ಪಲಿಲ್ಲ. ನಮ್ಮ ಈ ಖೋಡಿ ಏನ ಮಾಡ್ದ? ಅದ ಹೆಲ್ಮೆಟ್ ಎತ್ತಿ, ಹೆಸರು ಕಾಣಬಾರ್ದಂತ ಹಿಂದಮುಂದ ಮಾಡಿ ತಲಿಮ್ಯಾಲ ಇಟಗೊಂಡು, ದಂಡಿಮ್ಯಾಲ ತಾನ ನಿಂತ. ಟೈಮರ್ ಹಚ್ಚಿ ತನ್ನ ಫೋಟೊ ತಾನ ಹೊಡಕೊಂಡ. ಆಮ್ಯಾಲ ಹೆಲ್ಮೆಟ್ ಒಯ್ದು ಕ್ಯಾಂಪಿನ ಗ್ವಾಡಿ ಮೊಳಿಗೆ ತೂಗುಹಾಕಿದ.

ಎಂಟು ದಿನಕ್ಕ ನೇತ್ರಾ ಬಂದ್ಲು. ದನಿ ಸಣ್ಣದು ಮಾಡಿ ಕೇಳಿದ್ಲು.

"ಅಣ್ಣಾರ, ನೀವು ದಿನಾ ಫೋಟೊ ತಗೀತೀರಿ. ನಮ್ಮವ್ರು ಆ ದಿನ ಕೆಲಸಕ್ಕ ಬಂದಿದ್ರೋ ಇಲ್ಲೋ, ಅಷ್ಟ ಹೇಳ್ರಿ. ಈ ಬಳಿ ಇಟಗೋಬೇಕೋ ಒಡಕೋಬೇಕೋ ತಿಳೀವಲ್ದು."

"ಬಂದಿಲ್ಲವಾ," ಅಂದ ಹಾಲೇಶ. ಅಕಿ ಮಾರಿ ಸೈತ ನೋಡಲಿಲ್ಲ.

ಈಗ ಸೀಟಿ ಕಿವೀ ಹತ್ರ ಬಂತು. ಓಡಬೇಕಂದ... ಕಾಲು ಮುಂದ ಹೋಗಲಿಲ್ಲ. ಹಿಂದ ಹೋತು. ಒಂದು ಹೆಜ್ಜಿ... ಮತ್ತೊಂದು...

"ಬಿಡೋ ದುರಗೇಶಾ... ತಪ್ಪಾತು..."

"ಆ ದಿನ ಯಾರ ಬಂದಿದ್ರು?"

"ನೀ... ನೀನ ಬಂದಿದ್ದಿ."

"ಅಕಿಗೆ ಹೇಳು... ಬರ್ಲಿ... ಬರ್ಲಿ..."

ಚಿಮ್ಮಡ ಅಲ್ಲಿಂದ ನಾಕು ಕಿಲೋಮೀಟರ. ಅಷ್ಟೂ ದಾರಿ ಹಿಂದ ಹಿಂದ ನಡದಾನ್ರಿ! ಚಪ್ಪಲಿ ಎಲ್ಲೋ ಬಿದ್ದುವು, ಹಿಮ್ಮಡ ಒಡದು ನೆತ್ತರ ಬಂತು. ಕಡೀಕ ಬೆನ್ನು ನೇತ್ರಾನ ಬಾಗಲಿಗೆ ಬಡೀತು. ಧಪ್... ಕಾಲು ನಿಂದ್ರಲಿಲ್ಲ. ಧಪ್... ಧಪ್...

ಒಳಗಿಂದನ ಯಾರು ಅಂದ್ಲು. ಬಾಗಲಿಗೆ ಬೆನ್ನು ಬಡಕೋತನ ಹಾಲೇಶ ಎಲ್ಲಾ ಹೇಳಿದ. ಬಾವಿ, ಫೋಟೊ, ಹೆಲ್ಮೆಟ್, ತಾ ಹೇಳಿದ ಸುಳ್ಳು. ಒಳಗ ಹೊಸ್ತಲಿಗೆ ಬಳಿ ಒಡದ ಸಪ್ಪಳ... ಛಳ್... ಛಳ್...

"ಹೋಲ್ಡಾನ್ ಅನ್ನವಾ... ನೀನರ ಅನ್ನು. ಕಾಲು ನಿಂದ್ರವಲ್ವು."

ನೇತ್ರಾ ಬಾಗಲಾ ತಗೀದ ಒಳಗಿಂದನ ಅಂದ್ಲು.

"ಮೊದಲ ಅವ್ರನ್ನ ಹೊರಗ ತಗಸು. ಆಮ್ಯಾಲ ನೋಡೂಣು."

ಬೆಳತನಕ ಆ ಬಾಗಲಾ ಧಪ್ ಧಪ್ ಅಂದದ್ದು ಓಣಿಮಂದಿ ಎಲ್ಲಾ ಕೇಳ್ಯಾರ. ಪೊಲೀಸರ ಮುಂದ ಹಾಲೇಶ ಬಾಯಿಬಿಟ್ಟ. ಸಾಹೇಬನ್ನ ಹಿಡಕೊಂಡು ಹೋದ್ರು. ಮೂರನೇ ದಿನ ಜೆಸಿಬಿ ಹಚ್ಚಿ ಬಾವಿ ಅಗದ್ರು. ನೇತ್ರಾ ಗಂಡನ್ನ ಮಣ್ಣ ಮಾಡಿದ್ಲು. ಆ ಒಂದು ಮಾತು ಮಾತ್ರ ಅಕಿ ಇನ್ನೂ ಅಂದಿಲ್ಲ. ಬೆನ್ನಿಗೆ ಗ್ವಾಡಿ ಇಲ್ಲಂದ್ರ ಕಾಲು ಹಿಂದ ಹೊಕ್ಕಾವಂತ ಹಾಲೇಶ ಈಗೂ ಗ್ವಾಡಿಗೆ ಬೆನ್ನು ಹಚ್ಚೇ ಕುಂದರ್ತಾನ. ಬನಹಟ್ಟಿಗೆ ಹೋಗಿ ನೋಡ್ರಿ ಬೇಕಾದ್ರ.

ಅಗಿಯುವಾಗ ನಾನೂ ಅಲ್ಲೇ ಇದ್ದೆ, ಖರೇನ ಹೇಳ್ತೀನಿ. ಕ್ಯಾಂಪಿನ ಗ್ವಾಡ್ಯಾಗ ಬರೇ ಮೊಳಿ ಇತ್ತು. ದುರಗೇಶ ಗರಸಿನ್ಯಾಗ ನಿಂತಂಗ ಸಿಕ್ಕ. ತಲಿಮ್ಯಾಲ ಹಳದಿ ಹೆಲ್ಮೆಟ್ ಇತ್ತು. ಹೆಸರು ಹಿಂದಿತ್ತು.