ಸೇನಾಪತಿಯ ಕುದುರೆ

…ಮುಚ್ಚಬೇಡ, ಮುಚ್ಚಬೇಡ! ಬಾಯಿ ಅಗಲವಾಗೇ ಇರಲಿ. ಹಾಂ, ಹಾಗೆ. ಸ್ವಂತ ಭಾವಮೈದ ಅಂತ ಸೂಜಿ ಮೆತ್ತಗೆ ಚುಚ್ಚಿದ್ದೀನಿ ಕಣಯ್ಯಾ, ಬೇರೆಯವರಿಗೆ ಇಷ್ಟು ಉಪಚಾರ ಇಲ್ಲ. ತುಟಿ ಮರಗಟ್ಟಿತಾ? ತಲೆ ಆಡಿಸಬೇಡ, ಕಣ್ಣು ಮಿಟುಕಿಸು ಸಾಕು. ಸರಿ. ಏನು ಹೇಳ್ತಿದ್ದೆ? ಹಾಂ… ಕುದುರೆ!

ನೀನೂ ಅಲ್ಲೇ ಕೂತಿದ್ದೆ, ಗೊತ್ತು. ಆದ್ರೂ ಮೊದಲಿಂದ ಹೇಳ್ತೀನಿ, ಇಲ್ಲದಿದ್ರೆ ರುಚಿ ಸಿಗಲ್ಲ. ಈಗ ತಾನೆ ಆಚೆ ರೂಮಲ್ಲಿ, ರೋಗಿಗಳು ಕಾಯೋ ಕುರ್ಚಿಗಳ ಮೇಲೆ, ನಮ್ಮ ಓದುಗರ ಸಂಘ ಕೂತಿತ್ತಲ್ಲ, ಆ ಕೋಟೆ ಕಾದಂಬರಿ ಬಗ್ಗೆ ಮಾತಾಡೋಕೆ. ಪುಸ್ತಕ ನೋಡಿದ್ರೆ ತಲೆದಿಂಬಿನಷ್ಟು ದಪ್ಪ! ಯಾರು ಓದ್ತಾರೆ ಹೇಳು? ಯಾರೂ ಓದಿಲ್ಲ. ಅದನ್ನೇ ಇವತ್ತು ಬಯಲು ಮಾಡಿದ್ದು.

ಯಾಕೆ ಅಂತ ಕೇಳು. ಕೇಳೋಕಾಗಲ್ಲ, ಹತ್ತಿ ಇದೆ… ನಾನೇ ಹೇಳ್ತೀನಿ. ಮುಂದಿನ ತಿಂಗಳು ಅಧ್ಯಕ್ಷ ಬದಲಾಗಬೇಕಂತೆ! ನಾನು ಹುಟ್ಟುಹಾಕಿದ ಸಂಘ, ನನ್ನ ಕುರ್ಚಿ, ನನ್ನ ಕರೆಂಟು. ಅಧ್ಯಕ್ಷ ಮಾತ್ರ ಆ ಔಷಧಿ ಅಂಗಡಿಯವನು! ಅಂಗಡಿ ಮೇಲಿನ ರೂಮಿಗೆ ಹೊಸ ಫ್ಯಾನ್ ಹಾಕಿಸಿದ್ದಾನೆ, ಎಲ್ಲರೂ ಗಾಳಿ ಬಂದ ಕಡೆ ತೂರಿಕೊಳ್ತಿದ್ದಾರೆ. ನನ್ನ ಕ್ಲಿನಿಕ್ಕಲ್ಲಿ ಔಷಧಿ ವಾಸನೆಯಂತೆ. ಔಷಧಿ ಮಾರೋನಿಗೇ ಔಷಧಿ ವಾಸನೆ! ನಗಬೇಡ, ಸೂಜಿ ಇದೆ ಕೈಯಲ್ಲಿ.

ನಮ್ಮ ನಿಯಮ ನೆನಪಿದೆಯಲ್ಲ? ಓದದೆ ಬಂದವರು ಎದ್ದು ಹೋಗಬೇಕು, ಮತ್ತೆ ಈ ಕಡೆ ತಲೆ ಹಾಕಬಾರದು. ನಾನೇ ಮಾಡಿದ ನಿಯಮ. ಅದಕ್ಕೇ ಒಂದು ಬಲೆ ಹೆಣೆದೆ. ನಿನ್ನೆ ಯಾರದೋ ದವಡೆಹಲ್ಲು ಕೀಳ್ತಿದ್ದಾಗ ಹೊಳೀತು. ಕಾದಂಬರಿಯಲ್ಲಿ ಇಲ್ಲದ ಒಂದು ಪ್ರಸಂಗ ನಾನೇ ಹುಟ್ಟಿಸೋದು. ಓದಿದವನಾದ್ರೆ "ಅಂಥದ್ದು ಎಲ್ಲಿದೆ ಡಾಕ್ಟ್ರೇ?" ಅಂತಾನೆ. ಓದದವನು ಹೂಂಗುಟ್ತಾನೆ. ಅಂದ್ರೆ ಹೂಂ ಅಂದವನು ಕಳ್ಳ. ಅರ್ಥ ಆಯ್ತಲ್ಲ?

ಉಗಿ. ಇನ್ನೊಂದು ಸಲ. ಬಾಯಿ ತೆಗಿ, ಹೊಸ ಹತ್ತಿ ಇಡ್ತೀನಿ.

ಕೇಳಿದೆ ನಾನು, ಗಂಭೀರವಾಗಿ: "ಸೇನಾಪತಿ ತನ್ನ ಮುದಿ ಕುದುರೆಯ ಕೊರಳು ತಬ್ಬಿಕೊಂಡು ಅಳ್ತಾನಲ್ಲ, ಆ ಜಾಗ ಹೇಗನ್ನಿಸ್ತು?" ಅಯ್ಯಯ್ಯೋ! ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ! ಔಷಧಿ ಅಂಗಡಿಯವನು ಕನ್ನಡಕ ತೆಗೆದು ಒರೆಸಿಕೊಂಡ. "ಪಾಪ, ಕುರುಡು ಕುದುರೆ" ಅಂದ. ನಾನೆಲ್ಲಿ ಕುರುಡು ಅಂದಿದ್ದೆ? ತಕ್ಷಣ ಡ್ರೈವಿಂಗ್ ಸ್ಕೂಲ್ ಮೇಡಂ, "ಪೂರ್ತಿ ಕುರುಡಲ್ಲ, ಎಡಗಣ್ಣು ಮಾತ್ರ" ಅಂದ್ರು. ಅವನು "ಹೌದೌದು, ಎಡಗಣ್ಣು" ಅಂದ. ಸುಳ್ಳಿಗೆ ಸುಳ್ಳು ಹೇಗೆ ಕೂತ್ಕೊಳ್ತು ನೋಡು, ನಾನು ಕಟ್ಟೋ ಹಲ್ಲಿನ ಸೆಟ್ಟೂ ಅಷ್ಟು ಸರಿಯಾಗಿ ಕೂರಲ್ಲ!

ನಿಮ್ಮಕ್ಕ! ಕಟ್ಟಿಕೊಂಡ ಗಂಡನ ಎದುರಿಗೇ, "ತನ್ನ ಶಾಲು ತೆಗೆದು ಅದಕ್ಕೆ ಹೊದಿಸ್ತಾನಲ್ಲ, ಅಲ್ಲಿ ನನಗೆ ತಡೆಯೋಕಾಗಲಿಲ್ಲ" ಅಂತ ಮೂಗೊರೆಸಿಕೊಂಡಳು. ಇನ್ನು ನೀನು… ಯಾಕೆ ಕಣ್ಣು ಹಾಗೆ ಬಿಡ್ತೀಯ? ನೀನೇನು ಕಡಿಮೆನಾ? ಲಗಾಮು ಬಿಚ್ಚಿ ಅದನ್ನ ಕಾಡಿಗೆ ಬಿಟ್ಟಿದ್ದು ತಪ್ಪು ಅಂತ ವಾದಕ್ಕೇ ಇಳಿದೆಯಲ್ಲ! ಹೋಗಲಿ, ಮನೆಯವನು ಅಂತ ನಿನ್ನ ಹೆಸರು ಹಾಕಿಲ್ಲ.

ಎಲ್ಲಿ ಅಂದ್ರೆ? ಸಂಘದ ಗುಂಪಲ್ಲಿ ಕಣಯ್ಯಾ. ಫೋನಲ್ಲಿ. ಆಗ ನೀನು ಬಾಯಿ ಮುಕ್ಕಳಿಸ್ತಿದ್ದೆಯಲ್ಲ, ಆವಾಗ್ಲೇ ಬರೆದು ಹಾಕಿಬಿಟ್ಟೆ. "ಅಂಥ ಪ್ರಸಂಗವೇ ಕಾದಂಬರಿಯಲ್ಲಿಲ್ಲ. ನೀವೆಲ್ಲ ಓದದೆ ಬಂದ ಸುಳ್ಳುಗಾರರು. ನಿಯಮದ ಪ್ರಕಾರ ಎಲ್ಲರೂ ಹೊರಗೆ." ಔಷಧಿ ಅಂಗಡಿಯವನನ್ನ ಬೇರೆಯಾಗಿ ಹೆಸರಿಟ್ಟು… ಯಾಕೆ ಕೈ ಎತ್ತಿದೆ? ನೋಯ್ತಾ? ನೋಯೋ ಹಾಗಿಲ್ಲ, ನಾನಿನ್ನೂ ಹಲ್ಲು ಮುಟ್ಟೇ ಇಲ್ಲ. ಮತ್ಯಾಕೆ ತೋಳು ಹಿಡ್ಕೊಂಡೆ? ಬಿಡು, ಬಿಡಯ್ಯಾ! ಇರು, ಹತ್ತಿ ತೆಗೀತೀನಿ.

ತೆಗೆದೆ. ಈಗ ಹೇಳು.

ಹೇಳಯ್ಯಾ. ಇಷ್ಟು ಹೊತ್ತು ಒದ್ದಾಡ್ತಿದ್ದೆ, ಬಾಯಿ ಖಾಲಿ ಆದ್ಮೇಲೆ ಬರೀ ನನ್ನ ಮುಖ ನೋಡ್ತೀಯಾ? ತುಟಿ ಮರಗಟ್ಟಿದ್ರೂ ಮಾತು ಬರುತ್ತೆ, ನನಗೆ ಗೊತ್ತಿಲ್ವಾ!

ಹಾಗೆ ನೋಡಬೇಡ. ನಾನು ಓದಿದ್ದೀನಾ ಅಂತನಾ? ಓದಿದ್ದೀನಯ್ಯಾ! ಬೆನ್ನುಡಿ ಓದಿದೆ. ಮೊದಲ ಅಧ್ಯಾಯ… ಹೆಚ್ಚೂಕಮ್ಮಿ. ಕೊನೇ ಪುಟ ಎರಡೆರಡು ಸಲ. ನಡುವೆ ಇನ್ನೇನಿರುತ್ತೆ, ಯುದ್ಧ ತಾನೆ? ಅಧ್ಯಕ್ಷನಾದವನು ಸಭೆ ನಡೆಸಬೇಕು, ಅವನೂ ಓದ್ತಾ ಕೂತರೆ ಕುರ್ಚಿ ಹಾಕೋರು ಯಾರು?

ಒಂದು ಮಾತು ಆಡು. "ಇಲ್ಲ ಭಾವ, ಅಂಥದ್ದೇನೂ ಇಲ್ಲ" ಅನ್ನು, ಮುಗೀತು.

…ಇದೆಯಾ?

ಎಡಗಣ್ಣು? ಶಾಲೂ?

ಕಾದಂಬರಿ ಬರೆದವನ ಮನೆ ಹಾಳಾಗ! ಕೋಟೆ ಕಟ್ಟಿದ, ಯುದ್ಧ ಮಾಡಿಸಿದ, ಸಾಲದು ಅಂತ ಸೇನಾಪತಿಗೆ ಒಂದು ಕುದುರೆ ಕೊಟ್ಟು ಅಳಿಸಲೂ ಬೇಕಿತ್ತಾ? ಹಾಗಾದ್ರೆ ನಿಮ್ಮಕ್ಕ ನಿಜವಾಗಿ ಅತ್ತಳಾ? ಮೊನ್ನೆ ಹಾಸಿಗೆ ಮೇಲೆ ಕೂತು ಪುಟ ತಿರುವ್ತಾ ಕಣ್ಣೊರೆಸಿಕೊಳ್ತಿದ್ದಳು… ಅವಳನ್ನೂ ಸೇರಿಸಿ ಸುಳ್ಳುಗಾರರು ಅಂತ ಎಲ್ಲರೆದುರು ಬರೆದು… ಅಳಿಸೋಕೆ ಬರುತ್ತಾ ಅದನ್ನ? ಎಲ್ಲಿ ಒತ್ತಬೇಕು? ಬೇಡ, ಬಿಡು. ನೋಡಿಯಾಗಿದೆ. ಎಲ್ಲರೂ ನೋಡಿಯಾಗಿದೆ. ಔಷಧಿ ಅಂಗಡಿಯವನು ಪುಸ್ತಕದ ಪುಟದ ಫೋಟೋನೇ ಹಾಕಿದ್ದಾನೆ.

ಅಂದ್ರೆ ಇಡೀ ಸಂಘದಲ್ಲಿ ಓದದೆ ಬಂದವನು…

ಹಾಗೆ ಒಂದು ಕಡೆ ತುಟಿಯಲ್ಲಿ ನಗಬೇಡ ಕಣೋ. ನಗೋದಾದ್ರೆ ಮರಗಟ್ಟಿದ್ದು ಇಳಿಯೋತನಕ ಕಾದು, ಪೂರ್ತಿ ಬಾಯಲ್ಲಿ ನಕ್ಕುಬಿಡು.