ಮ್ಯಾನಿಫೋಲ್ಡ್ ಉಜ್ಜಿದವರು

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ, ಅವನು ಕೆಲಸ ಮಾಡುತ್ತಿದ್ದ ಕ್ಲಾತೆನ್ ಪಟ್ಟಣದ ಗ್ಯಾರೇಜಿಗೆ ಹೋದೆ. ಒಳಗೆ, ಹಿರಿಯರೆಂದು ಎಲ್ಲರೂ 'ಪಾ' ಎನ್ನುವ ಮಾಲೀಕ ದಾರ್ಸೊನೊ ಜೊತೆ ಗಿರಾಕಿಯೊಬ್ಬ ಜಗಳವಾಡುತ್ತಿದ್ದ. ಬಾಗಿಲಲ್ಲೇ ನಿಂತೆ.

"ದೊಡ್ಡ ಕಾರ್ಬುರೇಟರ್ ಕೂರೋ ಹಾಗೆ ಮ್ಯಾನಿಫೋಲ್ಡ್ ಕೊಳವೆ ಬಾಯಿ ಅಗಲ ಮಾಡಿ ಅಂದ್ರೆ, ತೂತು ಮಾಡಿಟ್ಟಿದೀರಲ್ಲ ಪಾ! ಗಾಳಿ ಎಳ್ಕೊಂಡು ಬೈಕು ಕಿರುಚ್ತಿದೆ."

"ಕಿರುಚ್ತಿರೋದು ನೀನು. ಹೊಸದು ಹಾಕ್ಕೊಡ್ತೀನಿ."

"ಅರ ಹಾಕಿ ಉಜ್ಜಿದ್ದು ಆ ಸತ್ತವನೇ ತಾನೆ? ದಂಡಪಿಂಡ!"

"ನಿನ್ನೆ ಹೆಣದ ಮುಂದೆ ಇಮಾಮರು 'ಇವನು ಎಂಥವನು' ಅಂತ ಕೇಳ್ದಾಗ, ಎಲ್ಲರ ಜೊತೆ ನೀನೂ 'ಒಳ್ಳೆಯವನು' ಅಂತ ಕೂಗಿದ್ಯಲ್ಲೋ."

"ಅದು ಶಾಸ್ತ್ರಕ್ಕೆ."

"ಇದನ್ನ ಉಜ್ಜಿದ್ದು ನಾನು. ಬೈಯೋದಾದ್ರೆ ನನ್ನ ಬೈಯಿ."

ಅವನು ನೆಲಕ್ಕೆ ಉಗಿದು ಹೊರಟುಹೋದ.

ಆ ಮ್ಯಾನಿಫೋಲ್ಡ್ ಉಜ್ಜಲೆಂದು ನನ್ನ ಗಂಡ ಪಾ ದಾರ್ಸೊನೊ ಅವರಿಂದ ಕೇಳಿ ಮನೆಗೆ ತಂದಿದ್ದ ಅರವನ್ನು ಮೇಜಿನ ಮೇಲಿಟ್ಟೆ. ಅದರ ಹಲ್ಲುಗಳಲ್ಲಿ ಅಲ್ಯೂಮಿನಿಯಂ ಪುಡಿ ಇನ್ನೂ ಇತ್ತು. ಅವರು ನನ್ನತ್ತ ನೋಡದೆ ಅದನ್ನು ಒರೆಸತೊಡಗಿದರು.